ಜೋಗಿಮಟ್ಟಿಯಲ್ಲಿ ಕಂಡದ್ದೆಲ್ಲ ಹಿಮಾಲಯದ ಹೂನೊಣವಲ್ಲ

ಪ್ರಶ್ನೆ: ಡಿಸೆಂಬರ್‌ನಲ್ಲಿ ಜೋಗಿಮಟ್ಟಿ ಬೆಟ್ಟದ ತುದಿಯಲ್ಲಿ ಗಾಳಿಯಲ್ಲೇ ನಿಂತು ಹಾರುವ ಕಪ್ಪು ಪಟ್ಟೆಯ ಹೂನೊಣದ ಫೋಟೊ ತೆಗೆದೆ. ಮೊಬೈಲ್ ಆ್ಯಪ್ ಹಿಮಾಲಯದ ಎತ್ತರದ ಜಾತಿ ಎನ್ನುತ್ತಿದೆ. ಯಾವ ಜಾತಿ ಎಲ್ಲಿ ಕಂಡಿತೆಂಬ ದಾಖಲೆಗೆ ಹಾಕಲೇ?
– ಚಿತ್ರದುರ್ಗದ ಓದುಗರು

ಉತ್ತರ: ಹಾಕಬೇಡಿ. ಪ್ರತಿ ಚಳಿಗಾಲ ಇದೇ ಪ್ರಶ್ನೆ, ಬೆನ್ನ ಮೇಲಿಂದ ತೆಗೆದ ಅದೇ ಒಂದು ಫೋಟೊ. ಹಿಮಾಲಯದ ಎತ್ತರದ ಹೂನೊಣಗಳು ಮರಗಳ ಎಲ್ಲೆ ದಾಟಿದ ಹುಲ್ಲುಗಾವಲಿನವು, 3000 ಮೀಟರಿಗೂ ಮೇಲೆ. ಜೋಗಿಮಟ್ಟಿ 1500 ಮೀಟರನ್ನೂ ಮುಟ್ಟುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾದ ಎಪಿಸಿರ್ಫಸ್ ಬಾಲ್ಟಿಯೇಟಸ್ ಎಂಬ ಹೂನೊಣ ಕೋಶದಲ್ಲಿದ್ದಾಗ (ಹುಳ ನೊಣವಾಗಿ ಮಾರ್ಪಡುವ ಹಂತ) ಚಳಿ ಬಿದ್ದರೆ ಕಪ್ಪಾಗಿ ಹೊರಬರುತ್ತದೆ, ಬಿಸಿಲುಗಾಲದಲ್ಲಿ ಕಿತ್ತಳೆಯಾಗಿ. ಬಣ್ಣ ನೋಡಿ ಹೆಸರಿಡುವ ಆ್ಯಪ್ ಎಡವುವುದೇ ಇಲ್ಲಿ.

ಜಾತಿ ಕಂಡ ಜಾಗ ತೋರಿಸುವ ಭೂಪಟದಲ್ಲಿ ಒಂದು ಚುಕ್ಕೆ ತಪ್ಪಾದರೆ ಏನಾಯಿತು ಅನ್ನಬೇಡಿ. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಲೆಕ್ಕದಲ್ಲಿ ಹೊರಗಿನ ಚುಕ್ಕೆಗಳನ್ನು ಸುತ್ತಿ ಗೆರೆ ಎಳೆದು ವ್ಯಾಪ್ತಿ ಅಳೆಯುತ್ತಾರೆ. ಅದು 20,000 ಚದರ ಕಿ.ಮೀ.ಗಿಂತ ಕಡಿಮೆಯಿದ್ದು, ನೆಲೆಯೂ ಕುಗ್ಗುತ್ತಿದ್ದರೆ ಅಪಾಯದ ಪಟ್ಟಿಗೆ ದಾರಿ. 1500 ಕಿ.ಮೀ.ಗೂ ದೂರದ ಚಿತ್ರದುರ್ಗದಿಂದ ಒಂದು ಚುಕ್ಕೆ ಸೇರಿದರೆ ಕಾಗದದ ಮೇಲೆ ಆ ನೊಣ ಸುಖವಾಗಿದೆ. ನಿಜದಲ್ಲಿ ಹಿಮಾಲಯದಲ್ಲಿ ಸೆಖೆ ಏರಿದಂತೆ ಅದು ಮೇಲಕ್ಕೆ ಸರಿಯಬೇಕು, ಶಿಖರದಾಚೆ ಜಾಗವಿಲ್ಲ.

ಗುರುತಿಗೆ ಐದು ಫೋಟೊ ಬೇಕು: ಬೆನ್ನು, ಪಕ್ಕ, ಎದುರಿನಿಂದ ಮುಖ, ಹಿಂಗಾಲು, ಬಿಚ್ಚಿದ ರೆಕ್ಕೆ. ರೆಕ್ಕೆಯ ನಡುವೆ ಎರಡೂ ತುದಿ ಎಲ್ಲಿಗೂ ಕೂಡದ ಸುಳ್ಳು ನರ ಕಂಡರೆ ಹೂನೊಣದ ಕುಟುಂಬ ಎಂದು ಖಾತ್ರಿ, ಜಾತಿ ಖಾತ್ರಿಯಲ್ಲ. ಬೆಳಗಿನ ಚಳಿಗೆ ಎಲೆಯ ಮೇಲೆ ಬಿಸಿಲು ಕಾಯಿಸುತ್ತಿರುವಾಗ ತೆಗೆಯಿರಿ. ಕೂತ ಹೂವಿನ ಹೆಸರು, ದಿನಾಂಕ, ಎತ್ತರ ಬರೆಯಿರಿ. ಮೊಬೈಲಿನ ಎತ್ತರ ಹತ್ತಾರು ಮೀಟರ್ ಹೆಚ್ಚುಕಮ್ಮಿ ಆಗುತ್ತದೆ, ಭೂಪಟದ ಜೊತೆ ತಾಳೆ ನೋಡಿ. ಬಲೆ ಹಿಡಿದು ಕಾಡಿಗೆ ನುಗ್ಗಬೇಡಿ, ಅರಣ್ಯ ಇಲಾಖೆಯ ಅನುಮತಿ ಬೇಕು.

ಪ್ರಶ್ನೆ: ಈ ನೊಣ ಕಚ್ಚುತ್ತದೆಯೇ? – ಹರಿಹರ

ಉತ್ತರ: ಕಚ್ಚಲ್ಲ, ಚುಚ್ಚುವ ಮುಳ್ಳೂ ಇಲ್ಲ.

ಪ್ರಶ್ನೆ: ಹಿಮಾಲಯದ ಹೂನೊಣ ತಂದು ದಾವಣಗೆರೆಯಲ್ಲಿ ಸಾಕಬಹುದೇ?

ಉತ್ತರ: ಬೇಡ. ಏಪ್ರಿಲ್ ಬಿಸಿಲಿಗೇ ಸಾಯುತ್ತವೆ.

ಪ್ರಶ್ನೆ: ಜೋಳದ ಗರಿಯ ಮೇಲೆ ಸಸ್ಯಹೇನಿನ ನಡುವೆ ಹಸಿರು ಹುಳ. ಅಂಗಡಿಯವರು ಔಷಧಿ ಕೊಟ್ಟಿದ್ದಾರೆ, ಹೊಡೆಯಲೇ? – ಜಗಳೂರು

ಉತ್ತರ: ಕಾಲಿಲ್ಲದೆ, ಒಂದು ತುದಿ ಚೂಪಾಗಿದ್ದರೆ ಅದು ಹೂನೊಣದ ಮರಿ. ಹೇನನ್ನು ಮೇಲೆತ್ತಿ ಹಿಡಿದು, ರಸ ಹೀರಿ, ಸಿಪ್ಪೆ ಎಸೆಯುತ್ತದೆ. ಬೆಳೆದು ಕೋಶವಾಗುವಷ್ಟರಲ್ಲಿ ನೂರಾರು ಹೇನು ಮುಗಿಸಿರುತ್ತದೆ. ಔಷಧಿ ಹೊಡೆದರೆ ಮೊದಲು ಸಾಯುವುದು ಇದೇ, ಹೇನು ಮತ್ತೆ ಬರುತ್ತದೆ. ಎಲೆ ತಿನ್ನುವ ಹುಳ ಅಂತ ಅಂಗಡಿಯವರು ವಾದಿಸಿದರೆ, ಎಲೆಯಲ್ಲಿ ತೂತು ತೋರಿಸಲು ಹೇಳಿ.