ಸೀಜ್ ಆದ ವೀಡ್ ಕಟರ್ ಇಂಜಿನ್ ಮನೆಯಲ್ಲೇ ಕಟ್ಟಬಹುದೇ?

ಧಾರಾಳವಾಗಿ ಕಟ್ಟಬಹುದು. ತೋಟದಲ್ಲಿ ಹುಲ್ಲು ಹೊಡೆಯುತ್ತಿದ್ದಾಗಲೇ ನಿಮ್ಮ 43 ಸಿಸಿ ಮಷಿನ್ ಸೀಜ್ ಆಗಿ, ಅಂದರೆ ಪಿಸ್ಟನ್ ಹಿಡಿದುಕೊಂಡು, ಗಕ್ಕನೆ ನಿಂತಿದೆ, ಪಿಸ್ಟನ್ ಮತ್ತು ಬ್ಲಾಕ್ (ಸಿಲಿಂಡರ್) ಎರಡನ್ನೂ ಬದಲಿಸಬೇಕು ಎಂದು ರಿಪೇರಿಯವರು ಹೇಳಿದ್ದಾರೆ, ಕಿಟ್ ತಂದು ನಾನೇ ಕೂರಿಸಲೇ ಎಂಬುದು ನಿಮ್ಮ ಪ್ರಶ್ನೆ. ನಾನು ಶಿರಸಿ ಕಡೆಯ ಅಡಿಕೆ ತೋಟದವನು. ನಮ್ಮ ಮನೆಯ ಮತ್ತು ಕೇರಿಯವರ ಇಂಥ ಇಂಜಿನ್‌ಗಳನ್ನು ಜಗಲಿಯಲ್ಲೇ ಬಿಚ್ಚಿ ಕಟ್ಟುತ್ತ ಬಂದಿದ್ದೇನೆ. ವೀಡ್ ಕಟರಿನ ಈ ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪೂ ಇಲ್ಲ. ಬಿಚ್ಚುವುದು, ಕಟ್ಟುವುದು ಕಷ್ಟದ ಕೆಲಸವೇ ಅಲ್ಲ. ಆದರೆ ಕಿಟ್ಟಿಗೆ ದುಡ್ಡು ಕೊಡುವ ಮೊದಲು ಹಳೆಯ ಪಿಸ್ಟನ್ ಯಾಕೆ ಹಿಡಿದುಕೊಂಡಿತು ಎಂದು ಪತ್ತೆ ಮಾಡಿ. ಕಾರಣ ಒಳಗೇ ಉಳಿದರೆ ಹೊಸ ಪಿಸ್ಟನ್ನೂ ಅದೇ ಗತಿ ಕಾಣುತ್ತದೆ.

ಮೊದಲು ಸೈಲೆನ್ಸರ್ ಒಂದನ್ನೇ ಬಿಚ್ಚಿ, ಟಾರ್ಚ್ ಹಾಕಿ ಪೋರ್ಟಿನೊಳಗೆ (ಹೊಗೆ ಹೊರಹೋಗುವ ಕಿಂಡಿಯೊಳಗೆ) ನೋಡಿ. ಆಮೇಲೆ ಬ್ಲಾಕ್ ತೆಗೆದು ಪಿಸ್ಟನ್ನನ್ನು ಸುತ್ತಲೂ ತಿರುಗಿಸಿ ನೋಡಿ. ಗೀರುಗಳು ಸೈಲೆನ್ಸರ್ ಬದಿಗೆ ಮಾತ್ರ ಇದ್ದರೆ ಇಂಜಿನ್ ಅತಿಯಾಗಿ ಕಾದಿದೆ ಎಂದರ್ಥ. ಒಂದೋ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ, ಇಲ್ಲವೇ ಸಿಲಿಂಡರಿನ ರೆಕ್ಕೆಗಳ ನಡುವೆ ಹಸಿ ಹುಲ್ಲಿನ ಮೆತ್ತೆ ಕೂತು ಗಾಳಿಯಾಡಿಲ್ಲ. ಸುತ್ತಲೂ ಒಂದೇ ಸಮ ಕೆರೆದಿದ್ದರೆ ಆಯಿಲ್ ಬೆರೆಸದ ಪೆಟ್ರೋಲ್ ಹೋಗಿರುವ ಸಂಭವ ಹೆಚ್ಚು. ಕಾರ್ಬ್ಯುರೇಟರ್ ಬದಿಗೆ ಹೊಳಪಿಲ್ಲದೆ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ನುಗ್ಗಿದೆ.

ಸೈಲೆನ್ಸರ್ ಬದಿಯ ಗೀರನ್ನೇ ನಾನು ಹೆಚ್ಚು ನೋಡಿರುವುದು. ಹುಲ್ಲಿನ ಮೆತ್ತೆ ಕಾಣದಿದ್ದರೆ ಆಯಿಲ್ ಸೀಲಿನ ಮೇಲೆ ಅನುಮಾನ ಇಡಿ. ಟು-ಸ್ಟ್ರೋಕಿನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿಂದ ಪಿಸ್ಟನ್ನಿನ ಮೇಲೆ ಹೋಗುತ್ತದೆ. ಕ್ರ್ಯಾಂಕಿನ ಎರಡು ಬದಿಯ ಸೀಲುಗಳಲ್ಲಿ ಒಂದು ಗಟ್ಟಿಯಾಗಿ ಬಿರುಕು ಬಿಟ್ಟರೂ ಸಾಕು, ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಆಯಿಲ್ ಬರುವುದೇ ಪೆಟ್ರೋಲಿನ ಜೊತೆಗೆ. ಹಾಗಾಗಿ ಪೆಟ್ರೋಲ್ ಕಡಿಮೆಯಾದಾಗ ತಂಪೂ ಕಡಿಮೆ, ಜಿಡ್ಡೂ ಕಡಿಮೆ. ಇಂಜಿನ್ ಬಿಚ್ಚಿ ಪಿಸ್ಟನ್ ಬದಲಿಸಿ ಸೀಲ್ ಹಳೆಯದನ್ನೇ ಬಿಡುವುದು ನನಗೆ ಸರಿಕಾಣುವುದಿಲ್ಲ. ಇಡೀ ಕಿಟ್ಟಿನ ಮುಂದೆ ಸೀಲಿನ ಬೆಲೆ ಏನೇನೂ ಅಲ್ಲ.

ಸೋರಿಕೆ ಪರೀಕ್ಷೆಗೆ ದುಬಾರಿ ಸಾಮಾನು ಬೇಡ. ಹಳೆಯ ಬಿಪಿ ನೋಡುವ ಸಾಧನದ ರಬ್ಬರ್ ಬುರುಡೆ ಮತ್ತು ಗೇಜ್ ಸಾಕು. ಬ್ಲಾಕ್ ಕೂರಿಸಿ, ಸೈಲೆನ್ಸರ್ ಮತ್ತು ಕಾರ್ಬ್ಯುರೇಟರ್ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡಿಟ್ಟು ತಗಡಿನಿಂದ ಬಿಗಿಯಿರಿ. ಪಿಸ್ಟನ್ ಪೂರ್ತಿ ಕೆಳಗೆ ಇಳಿದಿರಲಿ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಭಾಗಕ್ಕೆ ನಳಿಗೆ ಸಿಕ್ಕಿಸಿ ಗಾಳಿ ಹೊಡೆಯಿರಿ. 250 ಮಿ.ಮೀ. ಪಾದರಸ ಎಂದರೆ ಸುಮಾರು 5 ಪಿಎಸ್‌ಐ, ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಮುಳ್ಳು ಅಲ್ಲೇ ನಿಂತರೆ ಸರಿ. ಇಳಿಯುತ್ತಿದ್ದರೆ ಸೀಲು, ಪ್ಯಾಕಿಂಗ್, ಕ್ರ್ಯಾಂಕ್ ಕೇಸಿನ ಕೂಡುಗೆರೆ ಎಲ್ಲ ಕಡೆ ಸಾಬೂನು ನೀರು ಸವರಿ. ಗುಳ್ಳೆ ಎದ್ದ ಕಡೆ ನಿಮ್ಮ ಕಳ್ಳ ಇದ್ದಾನೆ.

ಬ್ಲಾಕ್ ಬದಲಿಸಲೇಬೇಕೆಂದೂ ಇಲ್ಲ. ಈ ಸಣ್ಣ ಅಲ್ಯೂಮಿನಿಯಂ ಸಿಲಿಂಡರುಗಳ ಒಳಮೈಗೆ ಸಾಮಾನ್ಯವಾಗಿ ಗಟ್ಟಿ ಲೋಹದ ಲೇಪ ಇರುತ್ತದೆ. ಗೀರಿನಂತೆ ಕಾಣುವುದು ಎಷ್ಟೋ ಸಲ ಅದರ ಮೇಲೆ ಅಂಟಿದ ಪಿಸ್ಟನ್ನಿನದೇ ಅಲ್ಯೂಮಿನಿಯಂ. ಕಡ್ಡಿಗೆ ಹತ್ತಿ ಸುತ್ತಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಆ ಕಲೆಗಷ್ಟೇ ಮುಟ್ಟಿಸಿದರೆ ನೊರೆಯೆದ್ದು ಕರಗುತ್ತದೆ. ಪೋರ್ಟಿನ ಅಂಚಿಗೆ ತಾಗಿಸಬೇಡಿ, ಅಲ್ಲಿನ ಬರಿಯ ಅಲ್ಯೂಮಿನಿಯಂ ಕೂಡ ಕರಗೀತು. ಬಯಲಿನಲ್ಲಿ, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಿ. ಕೂಡಲೇ ನೀರಿನಲ್ಲಿ ತೊಳೆದು, ಒರೆಸಿ, ಆಯಿಲ್ ಹಚ್ಚಿ. ಆಮೇಲೂ ಉಗುರಿಗೆ ಗೆರೆ ಸಿಕ್ಕರೆ, ಅಥವಾ ಲೇಪ ಎದ್ದಿದ್ದರೆ, ಆಗ ಬ್ಲಾಕ್ ತನ್ನಿ.

ಇನ್ನೊಂದು ವಿಷಯ ಕಿಟ್ ತರುವ ಮೊದಲೇ ನೋಡಬೇಕಾದ್ದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಜಗ್ಗಿ. ಪಕ್ಕಕ್ಕೆ ತುಸು ಆಡುವುದು ಸಹಜ, ಆದರೆ ನೇರ ಮೇಲೆ ಕೆಳಗೆ ಟಕ್ ಎಂದು ಆಡಿದರೆ ಕ್ರ್ಯಾಂಕಿನ ಬೇರಿಂಗ್ ಹೋಗಿದೆ. ನಮ್ಮ ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತ ಮಷಿನ್ನಿಗೆ ಈ ಬೇರಿಂಗ್ ತುಕ್ಕು ಹಿಡಿಯುವುದುಂಟು. ಹಾಗಾಗಿದ್ದರೆ ಬರೀ ಪಿಸ್ಟನ್ ಹಾಕುವುದು ದುಡ್ಡು ದಂಡ.

ಜೋಡಿಸುವಾಗ ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗಿರಲಿ. ರಿಂಗಿನ ಬಾಯಿ, ರಿಂಗ್ ಕೂರುವ ಕಚ್ಚಿನೊಳಗಿನ ಪುಟ್ಟ ಮೊಳೆಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಪಿನ್ನಿನ ಲಾಕುಗಳನ್ನು ಹಳೆಯವೇ ಚೆನ್ನಾಗಿವೆ ಎಂದು ಮತ್ತೆ ಹಾಕಬೇಡಿ, ಒಂದು ಲಾಕ್ ಹಾರಿದರೆ ಬ್ಲಾಕೇ ಹಾಳು. ಮ್ಯಾಗ್ನೆಟ್ ಮತ್ತು ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ನಡುವೆ ಸುಮಾರು 0.3 ಮಿ.ಮೀ. ಸಂದು ಬಿಡಿ. ಕ್ಲಚ್ ಬಿಚ್ಚುವಾಗ ಜೋರು ಹಾಕುವ ಮೊದಲು ಥ್ರೆಡ್ ಯಾವ ಕಡೆಗಿದೆ ಎಂದು ನೋಡಿಕೊಳ್ಳಿ, ಕೆಲವು ಮಷಿನ್‌ಗಳಲ್ಲಿ ಅದು ಉಲ್ಟಾ ಥ್ರೆಡ್.

ಆಯಿಲ್ ಎಷ್ಟು ಎಂಬುದಕ್ಕೆ ಕಂಪನಿಯ ಪುಸ್ತಕವೇ ಪ್ರಮಾಣ. 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50:1 ಎಂದಿದ್ದರೆ 20. ಹೆಚ್ಚು ಆಯಿಲ್ ಹಾಕಿದರೆ ಹೆಚ್ಚು ರಕ್ಷಣೆ ಎಂದು ನಮ್ಮ ಕಡೆ ಹಲವರು ಕೈಯಳತೆಯಲ್ಲಿ ಸುರಿಯುತ್ತಾರೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಅದೇ ಸಣ್ಣ ತೂತಿನಲ್ಲಿ (ಜೆಟ್) ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ, ಸೈಲೆನ್ಸರಿನಲ್ಲಿ ಮಸಿಯೂ ಕಟ್ಟುತ್ತದೆ. ಡಬ್ಬದ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದಿರಲಿ. ಕಾರವಾರ, ಅಂಕೋಲಾ ಕಡೆ ದೋಣಿಯ ಔಟ್‌ಬೋರ್ಡ್ ಇಂಜಿನ್ನಿಗೆ ಸಿಗುವ ಟಿಸಿ-ಡಬ್ಲ್ಯು3 ಆಯಿಲ್ ನೀರಿನಿಂದ ತಂಪಾಗುವ ಇಂಜಿನ್ನಿಗಾಗಿ ಮಾಡಿದ್ದು, ಗಾಳಿಯಿಂದ ತಂಪಾಗುವ ವೀಡ್ ಕಟರ್‌ಗೆ ಹಾಕಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದು ತೇವ ಹೀರುತ್ತದೆ, ಹಳೆಯ ಕಾರ್ಬ್ಯುರೇಟರಿನ ರಬ್ಬರ್ ಪೊರೆಯನ್ನು ಕೆಡಿಸುತ್ತದೆ. ಪೊರೆ ಬಿರುಸಾಗಿದ್ದರೆ ಈಗಲೇ ಬದಲಿಸಿ, ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಇದ್ದರೆ ಚೆಲ್ಲಿ.

ಸ್ಟಾರ್ಟ್ ಆದ ಮೇಲೆ ಮೊದಲ ಒಂದೆರಡು ಟ್ಯಾಂಕ್ ಮುಗಿಯುವವರೆಗೆ ಎಳೆಯ ಹುಲ್ಲನ್ನಷ್ಟೇ ಹೊಡೆಯಿರಿ, ನಡುನಡುವೆ ಬಿಡುವು ಕೊಡಿ, ಬೇಣದ (ಹುಲ್ಲುಗಾವಲಿನ) ಗಟ್ಟಿ ಪೊದೆಗೆ ಇಳಿಯಬೇಡಿ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಸದ್ದು ಕೂಡಲೇ ಇಳಿಯದೆ ಮೇಲೇ ತೇಲುತ್ತಿದ್ದರೆ ಇನ್ನೂ ಎಲ್ಲೋ ಗಾಳಿ ನುಗ್ಗುತ್ತಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ಆ ಗಳಿಗೆಯಲ್ಲೇ ಆಫ್ ಮಾಡಿ, ಮತ್ತೆ ಸಾಬೂನು ನೀರು ಹಿಡಿದು ಕೂತುಕೊಳ್ಳಿ.