‘ಚೆನ್ನಾಗಿ ಕಾಣ್ತೀರಿ’ ಅಂದದ್ದು ನಾನೇ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಮಹಿಳೆಯೊಬ್ಬರ ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ. ಬರೆಯಲು ಇಷ್ಟು ತಡವಾಗಿದ್ದು ಅದಕ್ಕೇ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 44 ವರ್ಷ. ಕೆಲಸಕ್ಕೆ ಹೋಗುವವರು, ಇಬ್ಬರು ಮಕ್ಕಳು. ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಅಂತ ಬಂದಿದ್ದರು. ಊಟ ಹೇಗೆ ಅಂದೆ. ‘ಚೆನ್ನಾಗೇ ಆಗತ್ತೆ ಮೇಡಂ’ ಅಂದರು. ನಾನೂ ಅಲ್ಲಿಗೇ ಬಿಟ್ಟೆ. ನೋಡೋಕೆ ತೆಳ್ಳಗೂ ಇರಲಿಲ್ಲ, ದಪ್ಪಗೂ ಇರಲಿಲ್ಲ. ಊಟದ ಕಾಯಿಲೆ ಅಂದರೆ ಮೂಳೆ ಕಾಣುವ ಹದಿಹರೆಯದ ಹುಡುಗಿ ಅನ್ನೋ ಚಿತ್ರ ನಮ್ಮಂಥವರ ತಲೆಯಲ್ಲೂ ಕೂತಿರುತ್ತದೆ.

ಎರಡನೇ ಭೇಟಿಯಲ್ಲಿ, ಮಾತು ಶುರುವಾಗಲಿ ಅಂತ, ‘ಸ್ವಲ್ಪ ಸಣ್ಣ ಆದಂಗಿದೆ, ಚೆನ್ನಾಗಿ ಕಾಣ್ತೀರಿ’ ಅಂದೆ. ಅವರು ನಕ್ಕರು.

ಐದನೇ ಭೇಟಿಗೆ ಬಂದವರೇ ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು ಕೂತರು. ಯಾವಾಗಲೂ ಹಾಗೇ ಕೂರುತ್ತಿದ್ದರು, ಸಂಕೋಚದ ಸ್ವಭಾವ ಅಂದುಕೊಂಡಿದ್ದೆ. ‘ನಿನ್ನೆ ರಾತ್ರಿ ಮತ್ತೆ ತಪ್ಪು ಮಾಡಿದೆ’ ಅಂದರು. ಸಾಲವೋ, ಯಾವುದಾದರೂ ಸಂಬಂಧವೋ, ನನಗೆ ಏನೇನೋ ಯೋಚನೆ.

‘ಎಂಥ ತಪ್ಪು?’

‘ತಿಂದೆ.’

ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತಾರೆ. ದೀಪ ಹಾಕುವುದಿಲ್ಲ. ಫ್ರಿಜ್ ಬಾಗಿಲು ತೆಗೆದು, ಆ ಬೆಳಕಲ್ಲೇ, ನಿಂತುಕೊಂಡೇ ತಿನ್ನುತ್ತಾರೆ. ರುಚಿ ಗೊತ್ತಾಗಲ್ಲ, ನಿಲ್ಲಿಸೋಕೂ ಆಗಲ್ಲ. ಆಮೇಲೆ ವಾಂತಿ. ಮಾರನೇ ದಿನ ಸಂಜೆಯವರೆಗೆ ಉಪವಾಸ. ‘ಅದು ಶಿಕ್ಷೆ’ ಅಂದರು, ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ.

ಎರಡನೇ ಹೆರಿಗೆ ಆದಾಗಿನಿಂದ, ಅಂದರೆ 11 ವರ್ಷದಿಂದ ಹೀಗೆ. ಗಂಡನಿಗೂ ಗೊತ್ತಿಲ್ಲ. ‘ನಡುವೆ ಕಮ್ಮಿ ಆಗಿತ್ತು ಮೇಡಂ. ಆವತ್ತು ನೀವು ಚೆನ್ನಾಗಿ ಕಾಣ್ತೀರಿ ಅಂದ್ರಲ್ಲ, ಅದನ್ನ ಉಳಿಸ್ಕೊಳ್ಳೋಣ ಅಂತ ಮತ್ತೆ ಊಟ ಬಿಟ್ಟೆ.’

ದೂರುವ ದನಿ ಇರಲಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು. ಕ್ಷಮೆ ಕೇಳಿದೆ.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಪದೇಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ರಕ್ತ ಪರೀಕ್ಷೆ, ಇಸಿಜಿ ಆಗದೆ ನಾನು ಮುಂದೆ ಹೋಗುವುದಿಲ್ಲ. ಈ ಕಾಯಿಲೆಗೆ ಬುಲಿಮಿಯಾ ಅನ್ನುತ್ತಾರೆ. ತೂಕ ನೋಡಿ ಇದನ್ನು ಹಿಡಿಯೋಕಾಗಲ್ಲ, ಎಷ್ಟೋ ಜನರ ತೂಕ ಸರಿಯಾಗೇ ಇರುತ್ತದೆ.

ಆಮೇಲೆ ಕೊಟ್ಟ ಸಲಹೆ ಇದು: ಹಾಗಾದ ರಾತ್ರಿಯ ಮಾರನೇ ಬೆಳಿಗ್ಗೆ ತಿಂಡಿ ಬಿಡಬೇಡಿ. ಹಸಿವಿರಲಿ, ಇಲ್ಲದಿರಲಿ. ಮೂರು ಹೊತ್ತು ಊಟ, ನಡುನಡುವೆ ಏನಾದರೂ ಸ್ವಲ್ಪ. ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬೇಡಿ. ಕೂತು ತಿನ್ನಿ.

ಅವರೇ ಗಂಡನಿಗೆ ಹೇಳಿದರು. ಅವರು ಬಂದು, ‘ತಿನ್ನೋದೇ ತೊಂದರೆ ಆದವಳಿಗೆ ಇನ್ನೂ ತಿನ್ನು ಅಂತೀರಲ್ಲ?’ ಅಂತ ಕೇಳಿದರು. ಇದನ್ನು ತುಂಬ ಜನ ಕೇಳುತ್ತಾರೆ, ಸಹೋದ್ಯೋಗಿಗಳೂ ಕೇಳಿದ್ದಾರೆ. 1944–45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ದಿನವಿಡೀ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಆಮೇಲೆ ಬೇಕಾದಷ್ಟು ತಿನ್ನೋಕೆ ಬಿಟ್ಟಾಗ ಕೆಲವರು ಎಷ್ಟು ತಿಂದರೂ ಸಾಲದು ಅಂತ ತಿಂದರು. ಅವರಿಗೇನು ಕನ್ನಡಿಯ ಚಿಂತೆ ಇತ್ತಾ? ಹಸಿದ ದೇಹ ಹಾಗೆ ಮಾಡಿಸಿತು. ಈಕೆಯ ಶಿಕ್ಷೆಯೇ ಮುಂದಿನ ರಾತ್ರಿಯ ‘ತಪ್ಪಿಗೆ’ ದಾರಿ. ಮನಸ್ಸು ಗಟ್ಟಿ ಮಾಡ್ಕೋ ಅಂತ ನಾನು ಹೇಳದೇ ಇರುವುದು ಇದಕ್ಕೇ.

ಮನೆಯವರಿಗೆ ಒಂದೇ ಮಾತು ಹೇಳಿದೆ. ಅವರ ಮೈಕಟ್ಟಿನ ಬಗ್ಗೆ ಮಾತು ಬೇಡ, ಹೊಗಳಿಕೆಯೂ ಬೇಡ. ‘ಒಳ್ಳೇದು ಹೇಳಿದ್ರೂ ತಪ್ಪಾ?’ ಅಂತ ಗಂಡ ಬೇಸರಪಟ್ಟರು. ಹೊಗಳಿದವಳ ಕಥೆ ಅವರಿಗೆ ಹೇಳಿದೆ.

ಎಲ್ಲ ಸರಿಹೋಯಿತು ಅನ್ನಲಾರೆ. ಅಂಥ ರಾತ್ರಿಗಳು ಕಡಿಮೆಯಾಗಿವೆ, ನಿಂತಿಲ್ಲ. ಮೊನ್ನೆ ಬಂದಾಗ ಹಾಗಾದ ಒಂದು ರಾತ್ರಿಯ ಮಾರನೇ ಬೆಳಿಗ್ಗೆಯ ವಿಷಯ ಹೇಳಿದರು.

‘ಅಳ್ತಾ ಅಳ್ತಾನೇ ತಿಂದೆ ಮೇಡಂ. ತಟ್ಟೆ ಖಾಲಿ ಆಗೋಕೆ ಮುಕ್ಕಾಲು ಗಂಟೆ ಹಿಡೀತು.’

‘ಆವತ್ತು ರಾತ್ರಿ?’

‘ನಿದ್ದೆ ಬಂದ್ಬಿಡ್ತು.’