ಓದುಗರ ಪ್ರಶ್ನೆ: ಸ್ಕೋನ್ ಏಕೆ ಉಬ್ಬುವುದಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ಡೆವನ್‌ನಲ್ಲಿರುವ ಮಗಳ ಮನೆಯಲ್ಲಿ ಒಣದ್ರಾಕ್ಷಿ ಹಾಕಿದ ಸ್ಕೋನ್ (ಓವನ್‌ನಲ್ಲಿ ಬೇಯಿಸುವ, ಬನ್ನಿನಂಥ ದಪ್ಪ ತಿನಿಸು) ತಿಂದು ಮೆಚ್ಚಿದ್ದೆ. ಅವಳು ಕೊಟ್ಟ ಅಳತೆ ಹೀಗಿದೆ: ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಮೊದಲೇ ಬೆರೆತಿರುವ ಹಿಟ್ಟು) 225 ಗ್ರಾಂ, ಬೆಣ್ಣೆ 50 ಗ್ರಾಂ, ಸಕ್ಕರೆ 25 ಗ್ರಾಂ, ಒಣದ್ರಾಕ್ಷಿ 50 ಗ್ರಾಂ, ಹಾಲು 150 ಮಿ.ಲೀ. ಆ ಹಿಟ್ಟು ಇಲ್ಲಿ ಸಿಗದ ಕಾರಣ ಮೈದಾಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿದೆ. ಚೆನ್ನಾಗಿ ನಾದಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಲಟ್ಟಿಸಿ, ಸ್ಟೀಲ್ ಲೋಟದಿಂದ ಕತ್ತರಿಸಿ, 180 ಡಿಗ್ರಿಯಲ್ಲಿ ಬೇಯಿಸಿದೆ. ಬಂದದ್ದು ಗಟ್ಟಿ ಬಿಲ್ಲೆ. ಕೆಲವು ಒಂದು ಕಡೆಗೆ ವಾಲಿಯೂ ಇದ್ದವು. ತಪ್ಪು ಎಲ್ಲಿ?
– ಗೃಹಿಣಿ, ಶಿವಮೊಗ್ಗ

ಉತ್ತರ: ತಾವು ಒಬ್ಬಟ್ಟಿನ ಕಣಕ ಮಾಡುವ ಕೈಯಿಂದ ಸ್ಕೋನ್ ಮಾಡಿದ್ದೀರಿ. ಮೈದಾವನ್ನು ನಾದಿದಷ್ಟೂ, ನೆನೆಸಿದಷ್ಟೂ ಅದರಲ್ಲಿ ಗ್ಲುಟೆನ್ ಎಂಬ ಅಂಟು ಬೆಳೆದು ಹಿಟ್ಟು ಎಳೆದಂತೆ ಹಿಗ್ಗುತ್ತದೆ. ಕಣಕಕ್ಕೆ ಯಾವುದು ಗುಣವೋ ಸ್ಕೋನಿಗೆ ಅದೇ ದೋಷ. ಆದ್ದರಿಂದ ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆಯನ್ನು ಚಿಕ್ಕ ಚೂರುಗಳಾಗಿ ಹೆಚ್ಚಿ, ಬೆಣ್ಣೆ ಚಕ್ಕುಲಿಯ ಹಿಟ್ಟಿಗೆ ತಿಕ್ಕುವಂತೆಯೇ, ಆದರೆ ಅಂಗೈ ತಾಗಿಸದೆ ಬೆರಳ ತುದಿಗಳಿಂದ ಮಾತ್ರ ಹಿಟ್ಟಿಗೆ ತಿಕ್ಕಿ, ತರಿತರಿಯಾದ ರವೆಯಂತೆ ಆದೊಡನೆ ನಿಲ್ಲಿಸಿ. ಅಂಗೈಯ ಬಿಸಿಗೆ ಬೆಣ್ಣೆ ಕರಗಿದರೆ ಹಿಟ್ಟು ಜಿಡ್ಡಾಗುತ್ತದೆ. ಏಪ್ರಿಲ್ ತಿಂಗಳಿನಲ್ಲಾದರೆ ಹಿಟ್ಟಿನ ಪಾತ್ರೆಯನ್ನೂ ಹತ್ತು ನಿಮಿಷ ಫ್ರಿಜ್‌ನಲ್ಲಿಡುವುದು ಒಳ್ಳೆಯದು. ಅನಂತರ ಸಕ್ಕರೆ ಮತ್ತು ಒಣದ್ರಾಕ್ಷಿ ಸೇರಿಸಿ, ಎರಡು ಚಮಚ ಹಾಲನ್ನು ಉಳಿಸಿಕೊಂಡು ಮಿಕ್ಕದ್ದನ್ನು ಒಮ್ಮೆಗೇ ಸುರಿದು, ಚಾಕುವಿನಿಂದ ಕಲಕಿ ಒಟ್ಟುಗೂಡಿಸಿ. ಹಿಟ್ಟು ತುಸು ಅಂಟಂಟಾಗಿ, ನೋಡಲು ಒರಟಾಗಿ ಇರಬೇಕು. ನುಣ್ಣಗಾದರೆ ಕೈ ಮಿತಿ ಮೀರಿತೆಂದೇ ಅರ್ಥ.

ಇನ್ನು ಬೇಕಿಂಗ್ ಪೌಡರ್: 225 ಗ್ರಾಂ ಮೈದಾಕ್ಕೆ ಒಂದು ಚಮಚ ಸಾಲದು, ಮಟ್ಟವಾಗಿ ಮೂರು ಟೀ ಚಮಚ ಬೇಕು. ಹಾಲು ತಾಗಿದ ಕ್ಷಣದಿಂದಲೇ ಅದು ಅನಿಲ ಬಿಡಲು ತೊಡಗುವುದರಿಂದ, ತಾವು ನೆನೆಯಲು ಬಿಟ್ಟ ಅರ್ಧ ಗಂಟೆಯಲ್ಲಿ ಅದರ ಶಕ್ತಿಯ ಒಂದು ಪಾಲು ವ್ಯರ್ಥವಾಗಿದೆ. ಓವನ್ ಮೊದಲೇ 220 ಡಿಗ್ರಿಗೆ ಕಾದಿರಲಿ. ಹಿಟ್ಟನ್ನು ಲಟ್ಟಿಸದೆ ಕೈಯಿಂದ ತಟ್ಟಿ, ಸುಮಾರು 2.5 ಸೆಂ.ಮೀ. ದಪ್ಪ ಉಳಿಸಿಕೊಳ್ಳಿ, ಚಪಾತಿಯ ಅಭ್ಯಾಸವಿರುವ ನಮಗೆ ಇಷ್ಟು ದಪ್ಪ ಬಿಡಲು ಮನಸ್ಸೇ ಬರುವುದಿಲ್ಲ! ವಾಲುವುದಕ್ಕೆ ಹೆಚ್ಚಾಗಿ ಲೋಟವೇ ಕಾರಣ. ಅದರ ಮೊಂಡ ಅಂಚು ಹಿಟ್ಟನ್ನು ಕತ್ತರಿಸುವ ಬದಲು ಅದುಮುತ್ತದೆ, ತಿರುಚಿದರೆ ಬದಿಗಳು ಅಂಟಿಕೊಂಡು ಒಂದು ಕಡೆ ಮಾತ್ರ ಮೇಲೇಳುತ್ತದೆ. ತೆಳು ಅಂಚಿನ ಅಚ್ಚನ್ನು ಒಣ ಹಿಟ್ಟಿನಲ್ಲಿ ಅದ್ದಿ, ನೇರವಾಗಿ ಒತ್ತಿ, ನೇರವಾಗಿಯೇ ಎತ್ತಿ. ಮೇಲ್ಭಾಗಕ್ಕಷ್ಟೇ ಹಾಲು ಸವರಿ; ಬದಿಗೆ ಇಳಿದ ಹಾಲು ಕೂಡ ಉಬ್ಬುವುದನ್ನು ತಡೆಯುತ್ತದೆ. 12ರಿಂದ 15 ನಿಮಿಷ ಸಾಕು.

ಪ್ರಶ್ನೆ: ಒಣದ್ರಾಕ್ಷಿ ಮೇಲೆ ಸೀದು ಕಹಿಯಾಗುತ್ತದೆ. ಪರಿಹಾರವೇನು? ಟೂಟಿ ಫ್ರೂಟಿ ಹಾಕಬಹುದೆ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಹಾಕಿ, ಮೇಲೆ ಇಣುಕುವ ಹಣ್ಣುಗಳನ್ನು ಬೆರಳಿನಿಂದ ಒಳಕ್ಕೆ ತಳ್ಳಿ. ಟೂಟಿ ಫ್ರೂಟಿ ಹಾಕಬಹುದು, ಆದರೆ ಅದರಲ್ಲಿ ಬಣ್ಣ ಮತ್ತು ಸಿಹಿಯನ್ನು ಬಿಟ್ಟರೆ ಹುಳಿಯ ಸುಳಿವೇ ಇಲ್ಲದ ಕಾರಣ ನನಗೆ ರುಚಿಸದು.

ಪ್ರಶ್ನೆ: ಸ್ಕೋನಿಗೆ ಮೊದಲು ಹಚ್ಚಬೇಕಾದದ್ದು ಜಾಮೋ, ಕ್ರೀಮೋ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಡೆವನ್‌ನವರು ಕ್ರೀಮ್ ಮೊದಲು ಎನ್ನುತ್ತಾರೆ, ನೆರೆಯ ಕಾರ್ನ್‌ವಾಲ್‌ನವರು ಜಾಮ್ ಮೊದಲು ಎನ್ನುತ್ತಾರೆ, ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಅವರು ಬಳಸುವ ಕ್ಲಾಟೆಡ್ ಕ್ರೀಮ್ ಸಣ್ಣ ಉರಿಯಲ್ಲಿ ಬಹಳ ಹೊತ್ತು ಕಾಯಿಸಿ ಆರಿಸಿ ತೆಗೆದ ದಪ್ಪ ಕೆನೆ. ಕಾರ್ನ್‌ವಾಲ್‌ನದರಲ್ಲಿ ಕನಿಷ್ಠ 55 ಶೇಕಡಾ ಜಿಡ್ಡಿರಬೇಕೆಂಬ ನಿಯಮವಿದೆ. ನಮ್ಮಲ್ಲಿ ಎಮ್ಮೆಯ ಹಾಲನ್ನು ಕಾಯಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ತೆಗೆದ ಕೆನೆಯನ್ನು ಅದರ ಬದಲಿಗೆ ಧಾರಾಳವಾಗಿ ಬಳಸಬಹುದು. ಸ್ಕೋನ್ ತೀರಾ ಬಿಸಿಯಾಗಿದ್ದರೆ ಕೆನೆ ಕರಗಿ ತಟ್ಟೆಗೆ ಇಳಿಯುವುದರಿಂದ, ಬೆಚ್ಚಗಾಗುವವರೆಗೆ ಕಾದು, ನಡುವೆ ಕೈಯಿಂದಲೇ ಬಿಡಿಸಿ, ಜಾಮನ್ನು ಮೊದಲು ಹಚ್ಚಿ. ನಾನು ಕಾರ್ನ್‌ವಾಲ್ ಪಕ್ಷ.